ಮೋಡದ ಬಗ್ಗೆ ನಾನು ಬರೆಸಿದ ತಪ್ಪು ಉತ್ತರ

ಆ ಮನುಷ್ಯ ಮೊದಲ ಗುಂಡಿ ತೋಡಿಸಿದ್ದು ನಮ್ಮ ತೋಟದ ಬದುವಿನಿಂದ ಇನ್ನೂರು ಹೆಜ್ಜೆ ಆಚೆ, ಪಕ್ಕದವರು ಗುತ್ತಿಗೆಗೆ ಕೊಟ್ಟ ಬೀಳು ಜಮೀನಿನಲ್ಲಿ. ಯುಗಾದಿಗೆ ನಾವು ಬಳಿಸಿದ ಸುಣ್ಣ ಆಗಿನ್ನೂ ಹೊಸದಾಗಿತ್ತು. ಮೂರು ತಿಂಗಳಲ್ಲಿ ಒಂದು ಗುಂಡಿ ಆರಾಯಿತು, ನಮ್ಮ ಹಿತ್ತಲ ಗೋಡೆ ಹಳದಿಗೆ ತಿರುಗಿತು. ಒಣಹಾಕಿದ ಸೀರೆಯನ್ನು ಮಡಚಲು ಹೋದರೆ ಸುಟ್ಟ ಹುಳಿಯ ವಾಸನೆ. ತುಳಸಿ ಎಲೆ ಮುಟ್ಟಿದರೆ ಬೆರಳಿಗೆ ಜಿಗುಟು.

ಅದು ತೆಂಗಿನ ಚಿಪ್ಪಿನಿಂದ ಇದ್ದಿಲು ಮಾಡುವ ಕೆಲಸ. ನಮ್ಮ ಕಡೆ ಕೊಬ್ಬರಿ ಒಡೆದ ಮೇಲೆ ಚಿಪ್ಪು ರಾಶಿ ರಾಶಿ ಉಳಿಯುತ್ತದೆ. ಅದನ್ನು ಗುಂಡಿಗೆ ಸುರಿದು, ಬೆಂಕಿ ಕೊಟ್ಟು, ಹತ್ತಿಕೊಳ್ಳುತ್ತಿದ್ದಂತೆ ತಗಡು ಮುಚ್ಚಿ ಮೇಲೆ ಮಣ್ಣು ಎಳೆಯುತ್ತಾರೆ. ಉರಿಯಲು ಗಾಳಿ ಸಾಲದೆ ಚಿಪ್ಪು ಒಳಗೇ ಬೇಯುತ್ತದೆ. ಬೇಯುವಷ್ಟು ಹೊತ್ತೂ ತಗಡಿನ ಸಂದಿಯಿಂದ ಹೊಗೆ ಬರುತ್ತದೆ. ದಪ್ಪ ಹೊಗೆ, ಹತ್ತಿಯಷ್ಟು ಬಿಳಿ. ಬೆಳಗಿನ ಹೊತ್ತು ಗಾಳಿಯಿಲ್ಲದಿದ್ದರೆ ಅದು ಮೇಲೇಳದೆ ತೆಂಗಿನ ಬುಡಗಳ ನಡುವೆ ಸೊಂಟದೆತ್ತರ ಹಾಸಿಕೊಂಡು ಮಲಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮದುವೆಯಾಗಿ ಶೆಟ್ಟಿಕೆರೆ ಕಡೆಯ ಈ ಊರಿಗೆ ಬಂದ ವರ್ಷವೇ ಕೆಲಸ ಸಿಕ್ಕಿತು, ಅಂದಿನಿಂದ ಅದೇ ಶಾಲೆ. ಮನೆಯಲ್ಲಿ ಅತ್ತೆ, ನಮ್ಮ ಮನೆಯವರು, ನಾನು. ಎರಡು ಹಸು, ತೋಟ, ಒಂದಿಷ್ಟು ರಾಗಿ ಹೊಲ. ಅತ್ತೆಗೆ ಎಂಬತ್ತು ಹತ್ತಿರ. ಹೊಗೆ ಶುರುವಾದ ಮೇಲೆ ಅವರ ಕಣ್ಣು ದಿನವಿಡೀ ನೀರಾಡುತ್ತಿತ್ತು. ಕೆಮ್ಮಿ ಕೆಮ್ಮಿ ಜಗಲಿ ಮೇಲೆ ಕೂರಲಾರದೆ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಜಗಲಿ ಬಿಟ್ಟು ಒಳಗೆ ಕೂತ ಅತ್ತೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಾಣಂತಿಯಾಗಿದ್ದಾಗಲೂ ಅವರು ಜಗಲಿಯಲ್ಲೇ ಕೂತು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದರಂತೆ.

ಮೊದಲು ನಾನು ನಮ್ಮ ಮನೆಯವರ ಮೇಲೇ ಹರಿಹಾಯ್ದೆ. ‘ಹೋಗಿ ಕೇಳಿ’ ಅಂದೆ. ಅವರು ಹಸುವಿಗೆ ಹಿಂಡಿ ಕಲಸುತ್ತಿದ್ದರು.

‘ಏನಂತ ಕೇಳಾದು? ನಮ್ ಚಿಪ್ಪೂ ಅಲ್ಲೇ ಬೇಯ್ತಿರಾದು ಕಣೇ. ಹೋದ್ ವಾರ ಟ್ರಾಕ್ಟರ್‌ಗೆ ತುಂಬಿಸ್ದಾಗ ನೀನೂ ನೋಡ್ದ್ಯಲ್ಲ.’

ನೋಡಿದ್ದೆ. ಹಿತ್ತಲು ಚೊಕ್ಕಟವಾಯಿತೆಂದು ಖುಷಿಯನ್ನೂ ಪಟ್ಟಿದ್ದೆ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು ನಾನೇ ಹೋದೆ.

ಗುಂಡಿಯ ಯಜಮಾನ ಕಿಬ್ಬನಹಳ್ಳಿ ಕಡೆಯವನು. ಸಭ್ಯ ಮನುಷ್ಯ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಕುರ್ಚಿ ಹಾಕಿಸಿದ, ಎಳನೀರು ಕೆತ್ತಿಸಿದ. ನಾನು ಕೂರಲೂ ಇಲ್ಲ, ಕುಡಿಯಲೂ ಇಲ್ಲ.

‘ನಮ್ಮತ್ತೆಗೆ ಉಸಿರಾಡಕ್ಕಾಗ್ತಿಲ್ಲ’ ಅಂದೆ.

‘ವಯಸ್ಸಾದೋರು ಕಣಮ್ಮ, ಏನ್ ಮಾಡಕ್ಕಾಯ್ತದೆ. ನಮ್ ಹೊಗೆ ನೋಡಿ, ಹಾಲಿದ್ದಂಗಿದೆ. ಕರಿ ಹೊಗೆ ಬಂದ್ರೆ ಆಗ ಕೇಳಿ ನನ್ನ. ಇದು ಬರೀ ಆವಿ. ಇಡ್ಲಿ ಪಾತ್ರೆ ಮುಚ್ಳ ತೆಗೆದ್ರೆ ಬರಲ್ವಾ, ಹಂಗೆ.’

ಮಾರನೆಯ ದಿನವೇ ಪಂಚಾಯಿತಿಗೆ ಅರ್ಜಿ ಬರೆದುಕೊಟ್ಟೆ. ಅರ್ಜಿ ಕೊಟ್ಟು ಬರುವಾಗ ನನಗೊಂದು ಧೈರ್ಯವಿತ್ತು. ಆಗ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯಾಗಿದ್ದವನು ನನ್ನದೇ ಹಳೆಯ ವಿದ್ಯಾರ್ಥಿ. ಮುಂದಿನ ಬೆಂಚು, ದುಂಡಗಿನ ಅಕ್ಷರ, ಒಂದು ದಿನವೂ ತಪ್ಪಿಸಿಕೊಂಡವನಲ್ಲ. ಸ್ಥಳ ಪರಿಶೀಲನೆಗೆ ಬಂದ ದಿನ ರಸ್ತೆಯಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದ. ‘ನಾನು ನೋಡ್ಕಳ್ತೀನಿ ಮೇಡಂ, ನೀವ್ ಮನೇಲಿರಿ’ ಅಂದ. ನಮ್ಮ ಹಿತ್ತಲಿನಿಂದ ನೋಡಿದೆ. ನಾನು ಮುಟ್ಟದ ಎಳನೀರನ್ನು ಅವನು ಎರಡು ಕುಡಿದ. ಕಾಲು ಗಂಟೆಯಲ್ಲಿ ಬೈಕು ಹತ್ತಿ ಹೋದ.

ಎರಡು ವಾರ ಕಳೆದರೂ ಸುದ್ದಿಯಿಲ್ಲ. ಶಾಲೆ ಬಿಟ್ಟ ಮೇಲೆ ಪಂಚಾಯಿತಿಗೆ ಹೋಗಿ ಮಹಜರಿನ ನಕಲು ಕೇಳಿದೆ. ಅವನೇ ಎದ್ದು ಜೆರಾಕ್ಸ್ ಮಾಡಿಸಿ ಕೊಟ್ಟ. ನಿಂತಲ್ಲೇ ಓದಿದೆ. ‘ಸದರಿ ಸ್ಥಳದಲ್ಲಿ ಹೊರಬರುತ್ತಿರುವ ಹೊಗೆಯು ಮೋಡದಂತೆ ಬಿಳಿ ಬಣ್ಣದ್ದಾಗಿದ್ದು, ನೀರಾವಿಯಿಂದ ಕೂಡಿರುವುದರಿಂದ ಸಾರ್ವಜನಿಕರಿಗೆ ತೊಂದರೆ ಇರುವುದಿಲ್ಲ.’

‘ಇದು ನೀರಾವಿ ಅಂತ ಯಾರಪ್ಪ ಹೇಳಿದ್ದು ನಿಂಗೆ? ಆ ಮನುಷ್ಯನಾ?’

‘ಅವರೂ ಹೇಳಿದ್ರು ಮೇಡಂ.’ ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ನಿಜಕ್ಕೂ ಆಶ್ಚರ್ಯವಿತ್ತು. ‘ಆದ್ರೆ ನೀವೇ ಬರೆಸಿದ್ದಲ್ವಾ? ಬಿಳಿ ಅಂದ್ರೆ ನೀರಾವಿ ಅಂತ.’

‘ನಾನಾ?’

ಅವನು ಹತ್ತನೇ ತರಗತಿಯ ಹುಡುಗನಂತೆ ಕೈಕಟ್ಟಿ ಒಪ್ಪಿಸಿದ. ‘ಮೋಡಗಳು ನೀರಾವಿಯಿಂದ ಆಗಿವೆ. ನೀರಾವಿಯ ಬಣ್ಣ ಬಿಳಿ. ಆದ್ದರಿಂದ ಮೋಡಗಳು ಬೆಳ್ಳಗೆ ಕಾಣುತ್ತವೆ.’

ಪಕ್ಕದ ಮೇಜಿನ ಕಂಪ್ಯೂಟರ್ ಹುಡುಗಿ ಮೆಚ್ಚಿಕೊಂಡು ನಕ್ಕಳು. ನನ್ನ ಕಿವಿ ಸುಡುತ್ತಿತ್ತು. ಒಂದಕ್ಷರ ಆಚೀಚೆ ಇಲ್ಲ. ಅವು ನನ್ನವೇ ಮೂರು ವಾಕ್ಯಗಳು.

ಆ ದಿನ ಬಸ್ಸಿಗೆ ಕಾಯದೆ ಮನೆಗೆ ನಡೆದೇ ಬಂದೆ. ಪೆದ್ದ ಎಂದು ಅವನನ್ನು ಬೈಯಬಹುದಿತ್ತು, ಆದರೆ ಬೈಗುಳವೆಲ್ಲ ತಿರುಗಿ ನನಗೇ ಬಂದು ತಾಗುತ್ತಿತ್ತು. ಆ ನೋಟ್ಸು ಹುಟ್ಟಿದ್ದು ಹೇಗೆಂದು ನನಗೆ ಚೆನ್ನಾಗಿ ನೆನಪಿದೆ. ಕೆಲಸಕ್ಕೆ ಸೇರಿದ ವರ್ಷ, ನಿವೃತ್ತರಾಗುತ್ತಿದ್ದ ಹಿರಿಯ ಮೇಷ್ಟ್ರೊಬ್ಬರು ತಮ್ಮ ನೋಟ್ಸಿನ ಪುಸ್ತಕವನ್ನು ನನ್ನ ಕೈಗಿಟ್ಟರು. ‘ಇದನ್ನ ಬರೆಸಮ್ಮ, ರಿಸಲ್ಟ್ ಬತ್ತದೆ’ ಅಂದರು. ಮೋಡದ ಉತ್ತರ ಓದಿದ ಕೂಡಲೇ ಅದು ತಪ್ಪೆಂದು ತಿಳಿದಿತ್ತು. ನಾನು ಭೌತಶಾಸ್ತ್ರ ಓದಿ ಬಂದವಳು. ತಿದ್ದಬೇಕೆಂದುಕೊಂಡೆ. ತಿದ್ದಿದರೆ ವಿವರಿಸಬೇಕು, ವಿವರಿಸಲು ಎರಡು ಪೀರಿಯಡ್ಡು ಬೇಕು, ಪರೀಕ್ಷೆಯಲ್ಲಿ ಅದಕ್ಕೆ ಸಿಗುವುದು ಒಂದಂಕ. ಮುಂದಿನ ವರ್ಷ ನೋಡೋಣ ಎಂದುಕೊಂಡೆ. ಆ ಮುಂದಿನ ವರ್ಷ ಬರಲೇ ಇಲ್ಲ. ವರ್ಷವರ್ಷವೂ ನಲವತ್ತು ಐವತ್ತು ಮಕ್ಕಳಿಗೆ, ತಿಳಿದೂ ತಿಳಿದೂ, ಸುಳ್ಳನ್ನು ಉಕ್ತಲೇಖನ ಕೊಟ್ಟೆ.

ನೀರಾವಿಗೆ ಬಣ್ಣವೇ ಇಲ್ಲ. ಅದು ಕಣ್ಣಿಗೆ ಕಾಣುವುದೂ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಸದಾ ಇರುತ್ತದೆ, ಯಾರಿಗೆ ಕಂಡಿದೆ? ಕುದಿಯುವ ಟೀ ಕೆಟಲಿನ ಮೂತಿಯನ್ನು ಹತ್ತಿರದಿಂದ ನೋಡಿದರೆ, ಮೂತಿಗೆ ಅಂಟಿಕೊಂಡಂತೆ ಬೆರಳಗಲ ಜಾಗ ಖಾಲಿ ಇರುತ್ತದೆ. ಆವಿ ಇರುವುದು ಅಲ್ಲಿ. ಅದರಾಚೆ ಬೆಳ್ಳಗೆ ಕಾಣುವುದು ಆವಿಯಲ್ಲ, ತಣ್ಣಗಾಗಿ ಮತ್ತೆ ನೀರಾದ ಸಣ್ಣ ಸಣ್ಣ ಹನಿ. ಮೋಡವೂ ಅಂಥ ಹನಿಗಳ ಗುಂಪೇ. ಬಿಸಿಲಿನೊಳಗೆ ಎಲ್ಲ ಬಣ್ಣಗಳೂ ಇವೆ. ಗಾಳಿಯ ಅಣುಗಳು ತೀರಾ ಚಿಕ್ಕವು, ಅವು ನೀಲಿಯನ್ನು ಹೆಚ್ಚು ಚದುರಿಸಿ ಕೆಂಪನ್ನು ಬಹುಪಾಲು ನೇರ ಹೋಗಲು ಬಿಡುತ್ತವೆ. ಆಕಾಶ ನೀಲಿಯಾಗಿರುವುದು, ಮುಳುಗುವ ಸೂರ್ಯ ಕೆಂಪಾಗುವುದು ಅದರಿಂದ. ಮೋಡದ ಹನಿ ಅಣುವಿನ ಮುಂದೆ ಬೆಟ್ಟದಷ್ಟು ದೊಡ್ಡದು. ಅದಕ್ಕೆ ನೀಲಿ ಕೆಂಪು ಎಂಬ ಭೇದವಿಲ್ಲ, ಎಲ್ಲ ಬಣ್ಣವನ್ನೂ ಒಂದೇ ಸಮನೆ ಎರಚುತ್ತದೆ. ಎಲ್ಲವೂ ಕೂಡಿ ಕಣ್ಣಿಗೆ ಬಂದಾಗ ನಾವು ಬಿಳಿ ಅನ್ನುತ್ತೇವೆ. ತೆಂಗಿನಹಾಲೂ ಹೀಗೆಯೇ ಬಿಳಿ: ನೀರಿನಲ್ಲಿ ಎಣ್ಣೆಯ ಹನಿ, ಎರಡಕ್ಕೂ ಸ್ವಂತದ್ದೊಂದು ಬಿಳಿ ಬಣ್ಣವಿಲ್ಲ. ಅಂದರೆ ಬಿಳಿ ಎಂಬುದು ಹನಿಯ ಗಾತ್ರ ಹೇಳುತ್ತದೆಯೇ ಹೊರತು ಹನಿಯೊಳಗೆ ಏನಿದೆ ಎಂದು ಹೇಳುವುದಿಲ್ಲ. ನೀರಿರಬಹುದು, ಎಣ್ಣೆಯಿರಬಹುದು, ಡಾಂಬರಿನಂಥ ರಸವಿರಬಹುದು.

ಇಷ್ಟೇ ಇದ್ದದ್ದು. ಇಷ್ಟನ್ನು ಹೇಳಿಕೊಟ್ಟಿದ್ದರೆ ಆ ಹುಡುಗ ಗುಂಡಿಯ ಮುಂದೆ ನಿಂತು ಒಂದು ನಿಮಿಷವಾದರೂ ಅನುಮಾನ ಪಡುತ್ತಿದ್ದ.

ಭಾನುವಾರ ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ. ‘ಈಗಲೇ ಬಾ’ ಅಂದೆ. ಮೇಡಂ, ರಜಾ ದಿನ ಅಂತೇನೋ ಶುರುಮಾಡಿದ. ‘ಹೊಗೆಗೆ ರಜಾ ಇಲ್ಲ, ಬಾ’ ಅಂದೆ. ಅವನು ಬರುವಷ್ಟರಲ್ಲಿ ಡೈರಿಗೆ ಹಾಲು ಹಾಕುವ ಸ್ಟೀಲ್ ಕ್ಯಾನಿಗೆ ಫ್ರಿಜ್ಜಿನ ನೀರು, ಐಸು ತುಂಬಿ ಮುಚ್ಚಳ ಬಿಗಿದೆ. ಹೊರಮೈಯನ್ನು ಒಣಬಟ್ಟೆಯಲ್ಲಿ ಉಜ್ಜಿ ಒರೆಸಿದೆ. ಎಳನೀರು ಕೀಳುವ ದೋಟಿಯ ಕೊಕ್ಕೆಗೆ ಕ್ಯಾನು ಸಿಕ್ಕಿಸಿ ಹೆಗಲ ಮೇಲಿಟ್ಟುಕೊಂಡು ಅವನ ಜೊತೆ ಹೊರಟೆ. ನಮ್ಮ ಮನೆಯವರು ‘ಊರು ನಗ್ತದೆ ಕಣೇ’ ಅಂದರು. ‘ನಗಲಿ’ ಅಂದೆ. ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದರೆ ಅತ್ತೆ. ಮೂಗಿಗೆ ಸೆರಗು ಒತ್ತಿಕೊಂಡು, ಕೋಲೂರಿಕೊಂಡು ಬರುತ್ತಿದ್ದರು.

ಗುಂಡಿಯ ಯಜಮಾನ ಅಂದು ಅಲ್ಲೇ ಇದ್ದ. ಎರಡು ಗುಂಡಿಗೆ ಅದೇ ತಾನೇ ತಗಡು ಮುಚ್ಚಿದ್ದರು, ದಪ್ಪ ಬಿಳಿ ಹೊಗೆ ಉರುಳುತ್ತಿತ್ತು. ಮೂಲೆಯದು ಬೆಂದು ಮುಗಿಯುವ ಹಂತದಲ್ಲಿತ್ತು.

‘ಮೊದ್ಲು ಆ ಮೂಲೆ ಗುಂಡಿ ನೋಡು’ ಎಂದು ಅಧಿಕಾರಿಯ ತೋಳು ಹಿಡಿದು ತಿರುಗಿಸಿದೆ. ‘ಹೊಗೆ ಯಾವ ಬಣ್ಣ?’

‘ಬಿಳಿ... ಅಲ್ಲ. ನೀಲಿ ಮೇಡಂ.’

ತೋಟದ ಕಪ್ಪು ನೆರಳಿನ ಮುಂದೆ ಆ ತೆಳು ಹೊಗೆ ನಿಜಕ್ಕೂ ನೀಲಿಯಾಗಿತ್ತು. ಅದೇ ಹೊಗೆ ತೆಂಗಿನ ತಲೆ ದಾಟಿ ಬಿಸಿಲಿಗೆ ಅಡ್ಡ ಬಂದಾಗ ಕಂದಾಗುತ್ತಿತ್ತು.

‘ಅದೇ ಚಿಪ್ಪು, ಅದೇ ಬೆಂಕಿ. ಹನಿ ಸಣ್ಣದಾಯ್ತು, ನೀಲಿ ಆಯ್ತು. ನೀರಾವಿಯ ಬಣ್ಣ ಬಿಳಿ ಅಂದ್ರೆ ಇದೇನು ಹಂಗಾದ್ರೆ?’

ನಾನು ದೋಟಿ ಚಾಚಿ ಕ್ಯಾನನ್ನು ದಪ್ಪ ಬಿಳಿ ಹೊಗೆಯ ಮಧ್ಯಕ್ಕೆ ಹಿಡಿದೆ. ಕಣ್ಣು ಉರಿಯಿತು, ಭಾರಕ್ಕೆ ತೋಳು ಸೋತಿತು. ಯಾರಾದರೂ ಹಿಡಿದುಕೊಳ್ಳಲಿ ಎಂದು ಕಾಯಲಿಲ್ಲ. ಹತ್ತು ನಿಮಿಷವೋ ಏನೋ, ಆಮೇಲೆ ಕ್ಯಾನು ಹೊರಗೆಳೆದು ಅವನ ಮುಂದಿಟ್ಟೆ. ಹೊಳೆಯುತ್ತಿದ್ದ ತಣ್ಣನೆಯ ಸ್ಟೀಲಿಗೆ ತಾಗಿದ ಹೊಗೆ ಕಂದು ರಸವಾಗಿ ಬೆವರಿನಂತೆ ಕೂತಿತ್ತು. ಹನಿ ಹನಿ ಸೇರಿ ತಳಕ್ಕಿಳಿದು ಎಳೆಯೆಳೆಯಾಗಿ ಜೋತಾಡುತ್ತಿತ್ತು. ನಾತಕ್ಕೆ ಅವನು ಮುಖ ತಿರುಗಿಸಿದ.

‘ಯಾಕಪ್ಪ? ಮೋಡ ತಾನೆ? ನೀರಾವಿ ತಾನೆ? ನೆಕ್ಕು.’

‘ಮೇಡಂ...’

‘ಸಾರ್ವಜನಿಕರಿಗೆ ತೊಂದರೆ ಇಲ್ಲ ಅಂತ ಬರೆದಿದ್ದೀಯಲ್ಲ. ನೀನೂ ಸಾರ್ವಜನಿಕನೇ. ನೆಕ್ಕು ಅಂದೆ.’

ನನ್ನ ದನಿ ಎಷ್ಟು ಏರಿತ್ತೆಂದರೆ ಚಿಪ್ಪು ಹೊರುತ್ತಿದ್ದ ಹೆಂಗಸರು ಮಂಕರಿ ಇಳಿಸಿ ನಿಂತರು. ಯಜಮಾನ ಮಧ್ಯೆ ಬಂದ.

‘ಅದು ಚಿಪ್ಪಿನ ರಸ ಅಷ್ಟೇ ಕಣ್ರಮ್ಮ. ತೆಂಗಿಂದೇ ಅಲ್ವಾ? ತೆಂಗು ಅಂದ್ರೆ ಕಲ್ಪವೃಕ್ಷ. ಅದ್ರಲ್ಲಿ ಕೆಟ್ಟದ್ದು ಯಾವ್ದೈತೆ?’

ಅತ್ತೆ ಸೆರಗು ಸರಿಸಿದರು. ‘ಕಲ್ಪವೃಕ್ಷ ಆದ್ರೆ ತಗಂಡೋಗಿ ನಿನ್ ಮನೆ ಇತ್ಲಲ್ಲಿ ಸುಡ್ಲಾ. ನಿಮ್ಮವ್ವಂಗೆ ಕುಡ್ಸು’ ಎಂದು ಕೆಮ್ಮಲು ಶುರುಮಾಡಿದರು. ಕೆಮ್ಮು ನಿಲ್ಲಲಿಲ್ಲ. ಕೋಲು ಬಿಟ್ಟು ನೆಲದ ಮೇಲೆ ಕೂತರು. ಚಿಪ್ಪು ಹೊರುವ ಹೆಂಗಸೊಬ್ಬಳು ಓಡಿ ಬಂದು ಬೆನ್ನು ನೀವಿದಳು. ಅವಳ ಸೆರಗೂ ಕಂದಾಗಿತ್ತು, ಅವಳೂ ಕೆಮ್ಮುತ್ತಿದ್ದಳು. ಅವಳನ್ನು ಅದುವರೆಗೆ ನಾನು ಗಮನಿಸಿರಲೇ ಇಲ್ಲ. ನಮ್ಮ ಮನೆಯ ಕೆಮ್ಮು ಮಾತ್ರ ಕೇಳಿಸಿತ್ತು ನನಗೆ. ದಿನವಿಡೀ ಆ ಗುಂಡಿಯ ಬಾಯಲ್ಲೇ ನಿಂತಿರುವವಳ ಬಗ್ಗೆ ನನ್ನ ಅರ್ಜಿಯಲ್ಲಿ ಒಂದು ಸಾಲೂ ಇರಲಿಲ್ಲ.

ಸೋಮವಾರ ತರಗತಿಯಲ್ಲಿ ಮಕ್ಕಳಿಂದ ನೋಟ್ಸು ತೆಗೆಸಿ, ಮೋಡದ ಉತ್ತರಕ್ಕೆ ಅಡ್ಡಗೀಟು ಹಾಕಿಸಿದೆ. ಗಾಜಿನ ಲೋಟದ ತುಂಬ ನೀರು ಹಿಡಿದು ಎರಡು ತೊಟ್ಟು ಹಸುವಿನ ಹಾಲು ಬಿಟ್ಟು, ಒಂದು ಕಡೆಯಿಂದ ಮೊಬೈಲ್ ಟಾರ್ಚು ಹಾಕಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಲೋಟದ ಪಕ್ಕದಿಂದ ತಿಳಿ ನೀಲಿ ಛಾಯೆ, ಎದುರಿನಿಂದ ಟಾರ್ಚಿನ ದೀಪ ಕಿತ್ತಳೆ. ಇನ್ನಷ್ಟು ಹಾಲು ಸುರಿದೆ, ಎಲ್ಲ ಬಿಳಿಯಾಯಿತು. ‘ಏನನ್ನಿಸ್ತು, ಕೇಳಿ’ ಅಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಮಿಸ್, ಪರೀಕ್ಷೇಲಿ ಯಾವ್ದು ಬರೀಬೇಕು? ಹಳೇದಾ, ಹೊಸದಾ?’ ಅಂದಳು.

ಅವಳ ಮೇಲೆ ರೇಗಿದೆ. ರೇಗಬಾರದಿತ್ತು. ಅವಳು ಕೇಳಿದ್ದು ನಾನೇ ಇಷ್ಟು ವರ್ಷ ಕಲಿಸಿದ ಪ್ರಶ್ನೆ. ಸಂಜೆ ಅವಳನ್ನು ಕರೆದು, ‘ಹೊಸದು ಬರಿ. ಅಂಕ ಕೊಡದಿದ್ರೆ ನಾನು ಹೋಗಿ ಜಗಳ ಆಡ್ತೀನಿ’ ಅಂದೆ. ‘ಅಂಕ ನಿಮ್ಗಲ್ಲ ಮಿಸ್, ನಂಗೆ ಹೋಗಾದು’ ಅಂದಳು ಅವಳು ಮೆಲ್ಲಗೆ.

ಅದೇ ವಾರ ಅಧಿಕಾರಿ ಮನೆಗೆ ಬಂದ. ಬೈಕನ್ನು ದೂರ ನಿಲ್ಲಿಸಿ, ಕೈಚೀಲದಲ್ಲಿ ಹಾಳೆ ಇಟ್ಟುಕೊಂಡು. ‘ಇನ್ನೊಂದ್ ಮಹಜರು ಬರೀಬೇಕು ಮೇಡಂ. ಹೆಂಗೆ ಬರೀಲಿ, ಹೇಳಿ’ ಎಂದು ಪೆನ್ನು ಬಿಚ್ಚಿ ಕೂತ. ನಾನು ಹೇಳತೊಡಗಿದೆ. ‘ಹೊಗೆಯ ಬಿಳಿ ಬಣ್ಣಕ್ಕೆ ಅದರಲ್ಲಿರುವ ಹನಿಗಳ ಗಾತ್ರ ಕಾರಣ...’ ಅವನು ತಲೆಯೆತ್ತದೆ ಬರೆಯುತ್ತಿದ್ದ. ಅದೇ ದುಂಡಗಿನ ಅಕ್ಷರ, ಪೂರ್ಣವಿರಾಮ ಇಡುವ ಅದೇ ಶ್ರದ್ಧೆ. ಮೂರನೇ ಸಾಲಿಗೆ ನನ್ನ ಮೈಯೆಲ್ಲ ಉರಿಯಿತು. ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ.

‘ಹೋದ್ ಸಲ ಅವನು ಹೇಳಿದ್ದು ಬರ್ದೆ, ಈಗ ನಾನು ಹೇಳಿದ್ದು ಬರೀತಿದ್ದೀಯ. ನಾಳೆ ಇನ್ನೊಬ್ಬ ಹೇಳ್ತಾನೆ. ನಾನ್ ಹೇಳಿದ್ದು ನಿಜ ಅಂತ ನಿಂಗೇನ್ ಗೊತ್ತು?’

‘ನೀವು ನಮ್ ಮೇಡಂ ಅಲ್ವಾ.’

‘ಹಿಂದೆ ಸುಳ್ಳು ಹೇಳ್ದಾಗ್ಲೂ ನಾನೇ ಕಣೋ ನಿನ್ ಮೇಡಂ!’

ಅತ್ತೆ ಒಳಗಿನಿಂದ ಇಣುಕಿ ನೋಡಿ ಹೋದರು. ಅವನು ಹಾಳೆಯ ಅಂಚನ್ನು ಬಹಳ ಹೊತ್ತು ಸರಿಮಾಡುತ್ತ ಕೂತಿದ್ದ. ಆಮೇಲೆ ಅನುಮಾನಿಸುತ್ತ, ‘ಮೇಡಂ, ದೊಡ್ ಹನಿ ಎಲ್ಲಾ ಬಣ್ಣಾನೂ ಚದುರ್ಸಿ ಬಿಳಿ ಆಯ್ತದೆ ಅಂದ್ರಿ. ಹಂಗಾದ್ರೆ ಮಳೆ ಮೋಡ ಯಾಕೆ ಕರ್ರಗಿರ್ತದೆ? ಅದ್ರಲ್ಲಿ ಇನ್ನೂ ದೊಡ್ ಹನಿ ಇರಲ್ವಾ?’ ಅಂದ.

ನನ್ನ ಪೀರಿಯಡ್ಡಿನಲ್ಲಿ ಅವನು ಒಂದು ಪ್ರಶ್ನೆಯನ್ನೂ ಕೇಳಿದ ನೆನಪಿಲ್ಲ. ಮಳೆ ಮೋಡ ಮೈಲಿಗಟ್ಟಲೆ ದಪ್ಪ, ಬೆಳಕು ಮೇಲಿನಿಂದಲೇ ಚದುರಿ ವಾಪಸು ಹೋಗುತ್ತದೆ, ಅಡಿಯಲ್ಲಿ ನಿಂತ ನಮಗೆ ಉಳಿಯುವುದು ಸ್ವಲ್ಪ, ಮೇಲಿನಿಂದ ನೋಡಿದವರಿಗೆ ಅದೂ ಬಿಳಿಯೇ ಎಂದು ಹೇಳಿದೆ. ಅವನು ‘ಹೌದಾ’ ಅಂದ, ಬರೆದುಕೊಳ್ಳಲಿಲ್ಲ. ಮಹಜರನ್ನು ಅವನೇ ತನ್ನ ಮಾತಿನಲ್ಲಿ ಬರೆದ. ಕ್ಯಾನಿನ ಮೇಲೆ ಕಂಡದ್ದು, ಮುದುಕಿ ನೆಲಕ್ಕೆ ಕೂತದ್ದು, ಕೆಲಸದ ಹೆಂಗಸರ ಕೆಮ್ಮು, ತನ್ನ ಹಿಂದಿನ ವರದಿ ತಪ್ಪೆಂಬುದು. ಕೊನೆಯದನ್ನು ನಾನು ಬರೆ ಅಂದಿರಲಿಲ್ಲ.

ಆ ಮಹಜರಿನ ಮೇಲೆ ಗುಂಡಿಯ ಯಜಮಾನನಿಗೆ ನೋಟೀಸು ಹೋಯಿತು, ಮಳೆಗಾಲ ಕಳೆಯುವ ಹೊತ್ತಿಗೆ ಗುಂಡಿಗಳು ಮುಚ್ಚಿದವು. ಗೆದ್ದೆವು ಎಂದು ನಮ್ಮ ಮನೆಯವರು ಅಂದಾಗ ನಾನು ಒಪ್ಪಲಿಲ್ಲ. ಆ ಮನುಷ್ಯ ಕೆಲಸ ಬಿಟ್ಟಿಲ್ಲ. ದಬ್ಬೇಘಟ್ಟದ ಕಡೆ ಇನ್ನೊಬ್ಬರ ಬೀಳು ಜಮೀನು ಹಿಡಿದಿದ್ದಾನೆ, ಚಿಪ್ಪು ಹೊರುವ ಹೆಂಗಸರನ್ನು ಟೆಂಪೊದಲ್ಲಿ ಕರೆದೊಯ್ಯುತ್ತಾನೆ. ಹೊಗೆಯನ್ನು ಸುಟ್ಟು, ರಸ ಹಿಡಿದಿಟ್ಟು ಇದ್ದಿಲು ಮಾಡುವ ಮುಚ್ಚಿದ ಒಲೆಗಳಿವೆ ಎಂದು ಅವನಿಗೂ ಗೊತ್ತು, ನೋಟೀಸು ಕೊಟ್ಟವರಿಗೂ ಗೊತ್ತು. ಅಲ್ಲಿಯೂ ಒಬ್ಬ ಮುದುಕಿ ಜಗಲಿ ಬಿಟ್ಟು ಒಳಗೆ ಸೇರಿಕೊಂಡಿರಬೇಕು. ಅಲ್ಲಿನ ಪಂಚಾಯಿತಿಯಲ್ಲಿ ಕೂತವನೂ ಯಾವುದೋ ಮೇಷ್ಟ್ರ ನೋಟ್ಸು ಬಾಯಿಪಾಠ ಮಾಡಿದವನೇ ಇರಬೇಕು. ತಾಲ್ಲೂಕಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹಿಂದಿನ ಬೆಂಚಿನ ಆ ಹುಡುಗಿಗೆ ಮೋಡದ ಪ್ರಶ್ನೆಗೆ ಸೊನ್ನೆ ಬಂತು. ಉತ್ತರಪತ್ರಿಕೆ ಹಿಡಿದು ಬೇರೆ ಶಾಲೆಯ ಮೌಲ್ಯಮಾಪಕರ ಹತ್ತಿರ ಹೋದೆ. ‘ಕೀ ಉತ್ತರದಲ್ಲಿ ನೀರಾವಿ ಅಂತಿದೆಯಲ್ಲ ಮೇಡಂ, ನಾವೇನ್ ಮಾಡಕ್ಕಾಗುತ್ತೆ’ ಅಂದರು. ಮಾತಿಗೆ ಮಾತು ಬೆಳೆಯಿತು. ಅಂಕ ಬಂತು, ಅವರು ಈಗ ನನ್ನೊಡನೆ ಮಾತಾಡುವುದಿಲ್ಲ.

ಹೋದ ತಿಂಗಳು ಅಟ್ಟದಲ್ಲಿ ಒಣಗಿದ್ದ ಕಾಯಿ ಇಳಿಸಿ ಕೊಬ್ಬರಿ ಒಡೆಸಿದೆವು. ಹಿತ್ತಲಲ್ಲಿ ಚಿಪ್ಪಿನ ಗುಡ್ಡೆ ಬಿದ್ದಿದೆ. ಗುಂಡಿಯ ಯಜಮಾನನ ಟ್ರಾಕ್ಟರು ಬಂದು ಗೇಟಿನಲ್ಲಿ ನಿಂತಾಗ ನಾನು ಕೊಡುವುದಿಲ್ಲ ಅಂದೆ. ನಮ್ಮ ಮನೆಯವರು ‘ಇಟ್ಕಂಡ್ ಏನ್ ಮಾಡ್ತೀಯ?’ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿಲ್ಲ. ಟ್ರಾಕ್ಟರು ಬರಿದೇ ಹೋಯಿತು. ಅವರು ಅಂದಿನಿಂದ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಅತ್ತೆ ಜಗಲಿಯ ಮೇಲೆ ಕೂತು ಇಬ್ಬರನ್ನೂ ಬೈಯುತ್ತಿದ್ದಾರೆ.